ಎಲುಬು ಹತ್ತಿದ ಭೀಮ

ಮೊರಬದ ಎರೆಹೊಲದಲ್ಲಿ ಜೋಳ ಸಿಗುತ್ತದೆ, ಕಡಲೆ ಸಿಗುತ್ತದೆ, ಕುಸುಬಿ ಸಿಗುತ್ತದೆ, ಕಲ್ಲೊಂದು ಸಿಗುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟು ಮಲಗುವ ಆ ಕರಿ ಮಣ್ಣು, ಮಳೆ ಬಿದ್ದರೆ ಎತ್ತಿನ ಕಾಲನ್ನು ಮೊಣಕಾಲಮಟ ನುಂಗಿ ಕೂಡುತ್ತದೆ. ನಾಯಿ ಬೆದರಿಸಲಿಕ್ಕೆಂದು ಕೈ ಚಾಚಿದರೆ ಮಾತ್ರ ಒಂದು ಹರಳನ್ನೂ ಕೊಡುವುದಿಲ್ಲ. ವರ್ಷವಿಡೀ ಇದು ಒಳ್ಳೆಯದೇ. ಎಳ್ಳಮವಾಸ್ಯೆ ಬಂತೆಂದರೆ ಪೇಚಾಟ ಶುರು. ಅವತ್ತು ಹೊಲದ ನಡುವೆ ಐದು ಕಲ್ಲು ನಿಲ್ಲಿಸಬೇಕು, ಸುಣ್ಣ ಬಡಿಯಬೇಕು, ಇವರೇ ಪಾಂಡವರು ಎಂದು ಎಡೆ ಹಿಡಿಯಬೇಕು. ಆಮೇಲೆ ಮಾಡಿ ತಂದ ಅಡುಗೆಯನ್ನೆಲ್ಲ ಒಂದೊಂದು ಹಿಡಿ ಬೆಳೆಗೆ ಎರಚಿ, ಚರಗ ಚೆಲ್ಲಿ, ಬಂಧು ಬಳಗ ಕೂಡಿ ಉಣ್ಣಬೇಕು. ರಾಶಿಯಾಗುವ ತನಕ ಹೊಲ ಕಾಯುವವರು ಆ ಐವರೇ.

ಮಹಾದೇವಕ್ಕನ ಹೊಲದ ಪಾಂಡವರು ಆ ಸಲದ ಮಳೆಗಾಲದಲ್ಲಿ ಹಳ್ಳ ಬಂದು ಕೊಚ್ಚಿಹೋಗಿದ್ದರು. ಬೇರೆ ಕಲ್ಲು ತಂದಿಡುತ್ತೇನೆಂದು ಗಂಡ ಮಡಿವಾಳೆಪ್ಪ ದೀಪಾವಳಿಯಿಂದ ಹೇಳುತ್ತ ಬಂದು, ಹಬ್ಬದ ಬೆಳಿಗ್ಗೆ ತಲೆ ಕೆರೆದುಕೊಂಡು ನಿಂತ.

"ರಸ್ತೆ ಮ್ಯಾಗ ಖಡಿ ಹಾಕ್ಯಾರಲ್ಲ, ಅದರಾಗ ಐದು ತಂದ್ರಾತು," ಎಂದ.

"ಡಾಂಬರ ಹತ್ತಿದ ಧರ್ಮರಾಯಗ ಕೈ ಮುಗೀಲೇನ್ರಿ?" ಎಂದಳು ಮಹಾದೇವಕ್ಕ. "ಸುಮ್ಕ ಎತ್ತಿಗೆ ನೀರು ಕುಡಸ್ರಿ. ಕಲ್ಲು ನಾ ನೋಡಕೋತೀನಿ. ನಮ್ಮ ಹೊಲದಾಗ ಕಲ್ಲಿನ ಸಾಹುಕಾರ ಒಬ್ಬ ಅದಾನಲ್ಲ."

ಕಲ್ಲಿನ ಸಾಹುಕಾರನೆಂದರೆ ಜಹೀರುದ್ದೀನ. ಅಣ್ಣಿಗೇರಿಯ ನೇಕಾರ ಹಸನಸಾಬನ ಮಗ, ಪುಣೆಯ ಕಾಲೇಜಿನಲ್ಲಿ ಬಹಳ ಓದಿದವನು. ಮಹಾದೇವಕ್ಕನ ಹೊಲದ ಒಂದು ಮೂಲೆಯನ್ನು ಹಳ್ಳ ಕೊರೆದು ಕೊರೆದು ಆಳೆತ್ತರದ ಗೋಡೆ ಮಾಡಿತ್ತು. ಮೇಲೆ ಕರಿ ಮಣ್ಣು, ಅದರ ಕೆಳಗೆ ಗರಸೂ ಸುಣ್ಣದ ಹರಳೂ ಕೂಡಿ ಗಟ್ಟಿಯಾದ ಹಳದಿ ಪದರು. ಆ ಹಳದಿ ಪದರಿನಲ್ಲಿ ಹಿಂದಿನ ಕಾಲದ ಎಲುಬುಗಳಿವೆ, ಮನುಷ್ಯ ಮೊದಮೊದಲು ಹೇಗೆ ಬದುಕಿದ ಎಂಬುದು ಅವುಗಳಿಂದ ತಿಳಿಯುತ್ತದೆ ಎಂದು ಹೇಳಿ ಅಪ್ಪಣೆ ಕೇಳಿಕೊಂಡು, ಎರಡು ಚಳಿಗಾಲದಿಂದ ಅಲ್ಲಿ ತೋಡುತ್ತಿದ್ದ. ಸಲಿಕೆಯಿಂದಲ್ಲ, ಗೋಡೆಗೆ ಬಣ್ಣ ಹಚ್ಚುವ ಕುಂಚದಿಂದ ಮತ್ತು ಹಲ್ಲು ಕಡ್ಡಿಯಂಥದೊಂದು ಕಬ್ಬಿಣದಿಂದ. ತೋಡಿದ ಮಣ್ಣನ್ನು ಪುಡಿಕೆ ಕಟ್ಟಿ ಹೆಸರು ಬರೆದು ಇಡುತ್ತಿದ್ದ.

"ಇಂವ ಹಿಂಗ ಪುಡಿಕಿ ಕಟ್ಟಿಕೊಂಡು ಹೋದ್ರ ನಮ್ಮ ಹೊಲ ಪುಣೇದಾಗ ಇರತೈತಿ, ನಾವಿಬ್ಬರು ಇಲ್ಲೇ ಗಾಳಿಯಾಗ ಇರತೀವಿ," ಎಂದು ಮಹಾದೇವಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನನ್ನು ಕರೆದು ಒಂದು ರೊಟ್ಟಿ ಕೈಗೆ ಹಾಕುವುದು, ಅದು ಮುಗಿಯುವ ತನಕ ಅವನನ್ನು ಕಾಡುವುದು ಅವಳ ರೂಢಿ.

"ಆಯಿ, ಆಗಿನ್ನೂ ಈ ಕರೀ ಮಣ್ಣ ಇರಲಿಲ್ಲರಿ," ಎಂದು ಅವನು ಶುರು ಮಾಡುವನು. "ಕಣ್ಣು ಹೋದಷ್ಟು ದೂರ ಹುಲ್ಲ ಹುಲ್ಲು. ಕಾಡೆತ್ತಿನ ಹಿಂಡು ಇಲ್ಲಿ ನೀರಿಗೆ ಬರತಿದ್ವು. ಈಗಿನ ಎತ್ತಿನಂಗಲ್ಲ, ಕೋಡು ಇಷ್ಟಿಷ್ಟು."

"ಅವಕ್ಕ ಗಳೆ ಹೂಡತಿದ್ರೇನು?"

"ಗಳೆ ಎಲ್ಲೀದ್ರಿ! ಮನಶ್ಯಾಗ ಇನ್ನೂ ಬಿತ್ತಾಕ ಬರತಿರಲಿಲ್ಲ. ಕಲ್ಲು ಒಡದು ಚೂಪು ಮಾಡಿ ಅದರಿಂದ ತೊಗಲು ಸುಲೀತಿದ್ದ."

"ಅಂವ ಯಾವ ಮಂದಿ? ನಮ್ಮವರೋ ನಿಮ್ಮವರೋ?"

"ಆವಾಗ ಜಾತಿ ಇರಲಿಲ್ಲರಿ ಆಯಿ."

"ಅಯ್ಯ! ಹಂಗಾರ ಕನ್ಯಾ ಹೆಂಗ ನೋಡತಿದ್ರು? ಪಾಪ, ಹಿರೇರಿಗೆ ಎಷ್ಟು ತ್ರಾಸ ಆಗಿರಬೇಕು." ರೊಟ್ಟಿ ತಟ್ಟೆಯಂಥ ಮುಖವನ್ನು ಅಲುಗಿಸದೆ ಅವಳು ಹೀಗೆ ಅನ್ನುತ್ತಿದ್ದಳು. ಅದು ತಮಾಷೆಯೋ ಖರೆಯೋ ಎಂದು ಜಹೀರುದ್ದೀನನಿಗೆ ಈ ಎರಡು ವರ್ಷದಲ್ಲಿ ಒಮ್ಮೆಯೂ ಗೊತ್ತಾಗಿರಲಿಲ್ಲ.

ಹಬ್ಬದ ಬೆಳಿಗ್ಗೆ ಅವನು ಹೊಲದಲ್ಲಿರಲಿಲ್ಲ. ಪುಣೆಯ ಅವನ ಸರ್ ಮರುದಿನ ಬರುವವರಿದ್ದರು. ಎಷ್ಟು ಹೊತ್ತಿಗೆ ಎಂದು ಫೋನು ಮಾಡಿ ಕೇಳಲು ನವಲಗುಂದಕ್ಕೆ ಹೋಗಿದ್ದ. ಹೋಗುವ ಮುಂಚೆ ಮಹಾದೇವಕ್ಕ ಕೇಳಿದ್ದಕ್ಕೆ, "ಕಲ್ಲೇನ್ರಿ? ಯಾವುದು ಬೇಕು ಅದನ್ನ ತಗೋರಿ ಆಯಿ," ಎಂದು ಸೈಕಲ್ಲು ಹತ್ತಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ತಾನು ತೋಡಿದ ಕುಣಿಯ ದಂಡೆಗೆ ಒಗೆದ ಬೇಡಾದ ಕಲ್ಲುಗಳ ರಾಶಿ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಮಹಾದೇವಕ್ಕ ಮಿಂದು ಮಡಿಯುಟ್ಟು ಬಂದು ರಾಶಿಯಲ್ಲಿ ನಾಲ್ಕು ಕಲ್ಲು ಆರಿಸಿದಳು. ಭೀಮನಿಗೆ ಒಪ್ಪುವಂಥದು ಸಿಗಲಿಲ್ಲ. ಭೀಮನೆಂದರೆ ನಾಲ್ವರಿಗಿಂತ ಎರಡು ಬೆರಳಾದರೂ ಹೆಚ್ಚಿರಬೇಕು. ಕುಣಿಗೆ ಇಣುಕಿದರೆ, ಗೋಡೆಯಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಒಂದು ಕಲ್ಲು ಕೂತಿತ್ತು. ಅಂಗೈ ಅಗಲ, ಮೇಲೆ ದುಂಡು, ಕೆಳಗೆ ಇಳಿಯುತ್ತ ಚೂಪು. ನೋಡಿದ ಕೂಡಲೇ ಅವಳಿಗೆ ಇಂವನೇ ಎನ್ನಿಸಿತು. ಇಳಿದು, ಕುಡಗೋಲಿನ ತುದಿ ತೂರಿಸಿ, ಮೀಟಿ, ಕಿತ್ತಳು. ಟಕ್ ಎಂದಿತು. ಕಲ್ಲಿನ ಜೊತೆ ಅದರ ಬೆನ್ನಿಗೆ ಅಂಟಿಕೊಂಡ ಬೆರಳುದ್ದದ ಚಕ್ಕೆಯೊಂದು ಬಂತು. ಬಿಸಿಲಿಗೆ ಹಿಡಿದು ನೋಡಿದಳು. ಎಲುಬು.

ಶಿವ ಶಿವಾ, ಎಂದಳು. ಮಡಿಯಲ್ಲಿ ಎಲುಬು ಮುಟ್ಟಿದ್ದಾಯಿತು. ಮನೆಗೆ ಹೋಗಿ ಮತ್ತೆ ಮಿಂದು ಬರೋಣವೆಂದರೆ ಹೊತ್ತಿಲ್ಲ; ಗುಡಗೇರಿಯಿಂದ ಹಬ್ಬಕ್ಕೆ ಬಂದಿದ್ದ ನಾದಿನಿ ಸುಶೀಲವ್ವ ಬುಟ್ಟಿ ಹೊತ್ತವರ ಜೊತೆ ಹೊಲದ ದಾರಿ ಹಿಡಿದದ್ದು ಆಗಲೇ ಕಾಣುತ್ತಿತ್ತು. ಸುಶೀಲವ್ವನಿಗೆ ಮಡಿ ಗೊತ್ತಿಲ್ಲ, ಕೈ ತೊಳೆಯದೆ ಹಿಟ್ಟಿಗೆ ಕೈ ಹಾಕುತ್ತಾಳೆ ಎಂದು ಮಹಾದೇವಕ್ಕ ಆಡಿಕೊಂಡು ಬಂದದ್ದು ಇವತ್ತು ನಿನ್ನೆಯಿಂದಲ್ಲ, ತಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ. ಅವಳು ಚಕ್ಕೆಯನ್ನು ಕಲ್ಲಿಗೆ ಹಿಡಿದು ಕುಡಗೋಲಿನ ಹಿಡಿಯಿಂದ ಒಂದೇಟು ಕೊಟ್ಟಳು. ಅದು ಕಳಚಿತು. ಬದುವಿನ ಮೇಲಿನ ಬಾರಿಹಣ್ಣಿನ ಮುಳ್ಳುಕಂಟಿಯ ಬುಡಕ್ಕೆ ಒಗೆದು ಕಾಲಿಂದ ಮಣ್ಣು ಸರಿಸಿದಳು. ಹಳ್ಳದಲ್ಲಿ ಕೈ ತೊಳೆದಳು, ಇನ್ನೊಮ್ಮೆ ತೊಳೆದಳು. ಭೀಮನಿಗೆ ಉಳಿದವರಿಗಿಂತ ಒಂದು ಪದರು ಹೆಚ್ಚಿಗೇ ಸುಣ್ಣ ಬಡಿದಳು.

ಪೂಜೆಯಾಯಿತು. ಮಡಿವಾಳೆಪ್ಪ ಹೊಲ ಸುತ್ತಿ ಚರಗ ಚೆಲ್ಲಿ ಬಂದ. ಸಜ್ಜಿ ರೊಟ್ಟಿ, ಕಡಬು, ಎಣಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ ಎಲ್ಲ ಬಿಚ್ಚಿ ಕೂತ ಹೊತ್ತಿಗೆ ಸರಿಯಾಗಿ ಜಹೀರುದ್ದೀನ ಬಂದ. ಅವನ ಮುಖ ಅರಳಿತ್ತು. ಸರ್ ನಾಳೆ ಬೆಳಿಗ್ಗೆಯೇ ಜೀಪಿನಲ್ಲಿ ಬರುತ್ತಾರಂತೆ. ಅವನನ್ನು ಪಾಂಡವರ ಎದುರಿಗೇ ಕೂಡಿಸಿ ಬಡಿಸಿದರು.

"ನಿಮ್ಮ ಸಾಹೇಬ್ರು ಬಂದು ಏನ ಮಾಡತಾರೋ?" ಎಂದು ಸುಶೀಲವ್ವ ಕೇಳಿದಳು.

"ಕುಣಿ ಮುಚ್ಚೂದೋ ಮುಂದ ತೋಡೂದೋ ಹೇಳತಾರರಿ ಅತ್ತಿ. ಎರಡು ವರ್ಷ ಆತು, ಎಲುಬು ಬ್ಯಾರೆ ಸಿಗತಾವ, ಕಲ್ಲು ಬ್ಯಾರೆ ಸಿಗತಾವ. ಎಲುಬು ಒಂದು ಕಡೆಯಿಂದ ಕಲ್ಲು ಒಂದು ಕಡೆಯಿಂದ ಹಳ್ಳದಾಗ ತೇಲಿ ಬಂದಿರಬೇಕು ಅಂತಾರ ಸರ್. ಮೊನ್ನೆ ಎರಡೂ ಕೂಡೇ ಸಿಕ್ಕಾವು. ಕಾಡೆತ್ತಿನ ಎಲುಬಿಗೆ ಹತ್ತಿಕೊಂಡ ಮನಶ್ಯಾ ಮಾಡಿದ ಕಲ್ಲು! ಸರ್ ತಮ್ಮ ಕಣ್ಣಲೆ ನೋಡಲಿ ಅಂತ ಇದ್ದಲ್ಲೇ..."

ಎಣಗಾಯಿ ಹಿಡಿದ ರೊಟ್ಟಿಯ ತುಂಡು ಬಾಯಿಯ ಹತ್ತಿರ ನಿಂತಿತು. ಅವನ ಕಣ್ಣು ಧರ್ಮರಾಯನಿಂದ ಭೀಮನಿಗೆ ಹೋಗಿ, ಭೀಮನ ದುಂಡು ತಲೆಯಿಂದ ಚೂಪು ಕಾಲಿಗೆ ಇಳಿದು, ಮತ್ತೆ ತಲೆಗೆ ಹತ್ತಿತು.

"ಆಯಿ," ಎಂದ ಮೆಲ್ಲಗೆ. "ಭೀಮನ್ನ ಎಲ್ಲಿಂದ ಕರಕೊಂಡು ಬಂದ್ರಿ?"

"ನಿನ್ನ ಕುಣಿಯಿಂದನ. ನೀನ ಹೇಳಿದೆಲ್ಲ, ಯಾವುದು ಬೇಕು ಅದನ್ನ ತಗೋರಿ ಅಂತ."

ತಟ್ಟೆ ಬಿಟ್ಟು ಓಡಿದ. ಕುಣಿಯಲ್ಲಿ ಇಳಿದದ್ದು ಕಂಡಿತು, ತಲೆ ಕಾಣದಾಯಿತು. ತಿರುಗಿ ಬಂದಾಗ ಅವನ ಮುಖ ಸುಣ್ಣ ಬಡಿದ ಹಾಗಿತ್ತು. ಕೂತು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಷ್ಟ್ಯಾಕ? ಪೂಜಿ ಆದ ಮ್ಯಾಲೆ ಕದಲಿಸೂದು ಶಾಸ್ತ್ರ ಅಲ್ಲ, ಆದರೂ ನಿನ್ನ ಕಲ್ಲು ನಿನಗ ತಗೊಂಡು ಹೋಗು," ಎಂದಳು ಮಹಾದೇವಕ್ಕ.

"ನಾಕ ಮಂದಿ ಉಳೀತಾರ, ಭೀಮ ವನವಾಸಕ್ಕ ಹೋದ ಅಂತ ತಿಳಕೊಂಡ್ರಾತು," ಎಂದ ಮಡಿವಾಳೆಪ್ಪ, ಕಡಬು ಮುರಿಯುತ್ತ.

"ವನವಾಸಕ್ಕ ಐದೂ ಮಂದಿ ಹೋಗಿದ್ರು, ಗೊತ್ತಿಲ್ಲದ ಮಾತು ಆಡಬ್ಯಾಡ್ರಿ."

ಜಹೀರುದ್ದೀನ ನಗಲಿಲ್ಲ. "ಕಲ್ಲು ತಗೊಂಡು ಏನ ಮಾಡ್ಲಿ ಆಯಿ? ಅಂಥಾ ಕಲ್ಲು ಪುಣೇದಾಗ ಕಪಾಟು ತುಂಬ ಅದಾವು. ಕಲ್ಲಲ್ಲ ಬೇಕಾದದ್ದು, ಅದು ಎಲ್ಲಿತ್ತು ಅನ್ನೂದು. ಎಲುಬಿನ ಬಾಜೂಕ ಇತ್ತರಿ ಅಂತ ನಾ ಹೇಳಬಹುದು. ನೀನ ತಂದು ಇಟ್ಟಿರಬೇಕು ಅಂತ ಸರ್ ಅನ್ನಬಹುದು. ಇಬ್ಬರ ಮಾತೂ ಅಷ್ಟ."

ಈ ಮಾತು ಮಹಾದೇವಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಕ್ಕದ ಹೊಲದ ಉಡಚಪ್ಪ ಒಂದು ವರ್ಷ ಬಾಂದಗಲ್ಲು ಕಿತ್ತು, ಅದು ಇಲ್ಲೇ ಇತ್ತು ಎಂದು ನಾಲ್ಕು ಮಾರು ಈಚೆ ನೆಟ್ಟದ್ದು, ಅಲ್ಲ ಅಲ್ಲಿತ್ತು ಎಂದು ತಾನು ಹೊಲದಲ್ಲಿ ನಿಂತು ಕೂಗಿದ್ದು, ಮೋಜಣಿಯವರು ಬರುವ ತನಕ ಇಬ್ಬರ ಮಾತಿಗೂ ಬೆಲೆ ಇಲ್ಲದೆ ಹೋದದ್ದು ಅವಳಿಗೆ ಮರೆತಿರಲಿಲ್ಲ. ಕಿತ್ತ ಕಲ್ಲಿಗೆ ನಾಲಿಗೆ ಇಲ್ಲ.

ಇದಕ್ಕೆ ನಾಲಿಗೆಯಾಗಬಲ್ಲದ್ದು ಬಾರಿ ಕಂಟಿಯ ಬುಡದಲ್ಲಿದೆ ಎಂದೂ ಅವಳಿಗೆ ಆಗಲೇ ಹೊಳೆಯಿತು. ಕಲ್ಲಿನ ಬೆನ್ನಿಗೆ ಎಲುಬು ಅಂಟಿತ್ತಲ್ಲ, ಅದೇ ಸಾಕ್ಷಿ. ಆದರೆ ಹೇಳುವುದು ಹೇಗೆ? ಪಂಕ್ತಿಯಲ್ಲಿ ಸುಶೀಲವ್ವ ಇದ್ದಾಳೆ. ಎಲುಬು ಹತ್ತಿದ ಕಲ್ಲಿಗೆ ಕೈ ಮುಗಿಸಿದಳು, ಎಡೆ ಹಿಡಿಸಿದಳು, ಅದರ ಪ್ರಸಾದ ನಮಗೆಲ್ಲ ಉಣಿಸಿದಳು ಎಂದು ಗುಡಗೇರಿ ಸಂತೆ ತುಂಬ ಹೇಳುತ್ತಾಳೆ. ಮಹಾದೇವಕ್ಕ ನೀರು ಕುಡಿದು ಇನ್ನೊಂದು ಸುತ್ತು ಬಡಿಸಲು ಎದ್ದಳು.

ಹೊತ್ತು ಇಳಿಯುವಾಗ ಎಲ್ಲರೂ ಬುಟ್ಟಿ ಕಟ್ಟಿದರು. ಜಹೀರುದ್ದೀನ ಕುಣಿಯ ಸುತ್ತ ಅಳತೆಗೆಂದು ಕಟ್ಟಿದ್ದ ದಾರವನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದ. ನಾಳೆ ಬಿಚ್ಚಬೇಕಾದ್ದನ್ನು ಇವತ್ತೇ ಬಿಚ್ಚುತ್ತಿದ್ದಾನೆ. ಮಹಾದೇವಕ್ಕ ಹತ್ತಿರ ಹೋದಳು.

"ಏನೋ, ಸಾಹೇಬ್ರು ಬರೂಕಿಂತ ಮೊದಲ ಗಂಟು ಕಟ್ಟಿದಿ?"

"ಕಟ್ಟಲೇಬೇಕಲ್ಲರಿ. ಅಪ್ಪ ಕೇಳಾಕತ್ತಾನ, ಎರಡು ವರ್ಷ ತೆಗ್ಗು ತೋಡಿದಿ, ಈಗರ ಮಗ್ಗದಾಗ ಕುಂಡ್ರತೀಯೇನು ಅಂತ. ಅದೂ ತೆಗ್ಗ. ಕಾಲು ಇಳಿಬಿಟ್ಟು ಕುಂಡ್ರೂದು," ಎಂದು ಅವನೇ ತಮಾಷೆ ಮಾಡಲು ನೋಡಿದ. ಆಗಲಿಲ್ಲ.

"ನನ್ನ ಬೈಯೋ," ಎಂದಳು ಮಹಾದೇವಕ್ಕ.

"ನಿಮಗ ಬೈದ್ರ ನಾಳೆ ರೊಟ್ಟಿ ಯಾರ ಕೊಡತಾರರಿ?"

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ತಾನೂ ನಾಲ್ಕು ತಿರುಗಿ ಬೈದು ಸಮ ಮಾಡಿಕೊಳ್ಳುತ್ತಿದ್ದಳು. ಬಂಡಿಯಲ್ಲಿ ಮನೆಗೆ ಹೋಗುವಾಗ ಸುಶೀಲವ್ವ, "ವೈನಿ, ಇವತ್ತ ಬಾಳ ಗಪ್ಪ ಆಗೀರಲ್ಲ, ಎಣಗಾಯಿಗೆ ಉಪ್ಪು ಹೆಚ್ಚಾತಂತ ನಾ ಅಂದದ್ದು ಸಿಟ್ಟು ಬಂತೇನ?" ಎಂದಳು. ಅವಳು ಅಂದದ್ದು ಮಹಾದೇವಕ್ಕನಿಗೆ ಕೇಳಿಸಿಯೇ ಇರಲಿಲ್ಲ.

ಮರುದಿನ ಜೀಪು ಬಂತು. ಸರ್ ಬೆಳಗಾವಿ ಕಡೆಯವರು. ತೆಳ್ಳಗಿನ ದೇಹ, ದಪ್ಪ ಕನ್ನಡಕ, ಮರಾಠಿ ಬೆರೆತ ಕನ್ನಡ. ಹಳ್ಳಕ್ಕೆ ಜೀಪು ಬಂದದ್ದನ್ನು ನೋಡಲು ಮಡಿವಾಳೆಪ್ಪ ಬಂದ, ಮಡಿವಾಳೆಪ್ಪ ಬಂದನೆಂದು ಮಹಾದೇವಕ್ಕ ಬಂದಳು, ಊರಿಗೆ ಹೊರಡಲು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಸುಶೀಲವ್ವನೂ ಬಂದಳು.

ಸರ್ ಕುಣಿಯಲ್ಲಿ ಕೂತು ಬಹಳ ಹೊತ್ತು ಗೋಡೆ ನೋಡಿದರು. ಅಲ್ಲಿ ಎಲುಬಿನ ಮುರಿದ ತುದಿ ಇತ್ತು, ಬಾಜೂಕೆ ಒಂದು ತೂತಿತ್ತು. ತೂತಿನ ಬಾಯಿ ಕುಡಗೋಲಿನ ಏಟಿಗೆ ಒಡೆದು ಅಗಲವಾಗಿತ್ತು. ಸುಣ್ಣದ ಭೀಮನನ್ನು ಅದರಲ್ಲಿ ಇಟ್ಟು ನೋಡಿದರು. ಕಲ್ಲು ಅತ್ತ ವಾಲಿತು, ಇತ್ತ ವಾಲಿತು.

"ಜಹೀರುದ್ದೀನ, ನೀ ಸುಳ್ಳು ಹೇಳತಿ ಅಂತ ನಾ ಅನ್ನೂದಿಲ್ಲ," ಎಂದರು ಸಾವಕಾಶವಾಗಿ. "ಆದರ ಈ ತೂತಿನ್ಯಾಗ ನನ್ನ ಚಪ್ಪಲ್‌ಸುದ್ಧಾ ಹಿಡಸ್ತದ. ಇದನ್ನ ನಾ ಹೆಂಗ ನಾಕ ಮಂದಿ ಮುಂದ ಹೇಳ್ಲಿ? ಈ ವರ್ಷ ಇಲ್ಲಿಗೆ ಬಂದ್ ಮಾಡೂಣು."

ಜಹೀರುದ್ದೀನ ಹೂಂ ಎಂದ. ಬಗ್ಗಿ ಕುಂಚ ಎತ್ತಿಕೊಂಡು ಅದರ ಮಣ್ಣು ಕೊಡವಿದ, ಬಹಳ ಜೋಕೆಯಿಂದ ಕೊಡವಿದ.

ಮಹಾದೇವಕ್ಕ ಆ ಕುಂಚವನ್ನು ನೋಡಿದಳು. ಸುಶೀಲವ್ವನನ್ನು ನೋಡಿದಳು. ಸುಶೀಲವ್ವ ಜೀಪಿನ ಕನ್ನಡಿಯಲ್ಲಿ ತನ್ನ ಕುಂಕುಮ ನೋಡಿಕೊಳ್ಳುತ್ತಿದ್ದಳು. ಮಹಾದೇವಕ್ಕ ಸೆರಗು ಸೊಂಟಕ್ಕೆ ಸಿಗಿಸಿ ಬದುವಿಗೆ ನಡೆದಳು. ಬಾರಿ ಕಂಟಿಯಲ್ಲಿ ಕೈ ಹಾಕಿದಳು, ಮುಳ್ಳು ಗೀರಿದವು, ಮಣ್ಣು ಕೆದರಿದಳು. ಸಿಗಲಿಲ್ಲ. ಇನ್ನೊಂದು ಬಾಜೂಕೆ ಕೆದರಿದಳು.

"ಏ, ಬಾರಿಹಣ್ಣು ಇನ್ನೂ ಕಾಯಿ ಅದಾವು," ಎಂದು ಗಂಡ ಕೂಗಿದ.

"ಹಣ್ಣಲ್ಲ, ಎಲುಬು," ಎಂದಳು ಮಹಾದೇವಕ್ಕ, ಎಲ್ಲರಿಗೂ ಕೇಳುವ ಹಾಗೆ. ಚಕ್ಕೆಯನ್ನು ಅಂಗೈಯಲ್ಲಿ ಹಿಡಿದು ತಂದಳು. "ನಿನ್ನೆ ಭೀಮನ ಬೆನ್ನಿಗೆ ಹತ್ತಿತ್ತು. ನಾನ ಒಡದು ಒಗದೆ. ಎಲುಬು ಹತ್ತಿಸಿಕೊಂಡು ಕುಂತ ದೇವರಿಗೆ ಎಡಿ ಹಿಡೀತಾರೇನ್ರಿ ಸಾಹೇಬ್ರ? ನೋಡ್ರಿ ಇದನ್ನ."

ಸರ್ ಕನ್ನಡಕ ಏರಿಸಿಕೊಂಡರು. ಕಲ್ಲನ್ನು ಹಳ್ಳದ ನೀರಿನಲ್ಲಿ ತೊಳೆಸಿದರು. ಸುಣ್ಣ ಹರಿದು ಹೋದ ಮೇಲೆ ಕಲ್ಲಿನ ಬೆನ್ನಿನ ಮೇಲೆ ಹಳದಿ ಮಣ್ಣಿನ ಹೊಪ್ಪಳೆ ಕಂಡಿತು, ಅದರ ನಡುವೆ ಹೊಸದಾಗಿ ಒಡೆದ ಒಂದು ಗುರುತು. ಚಕ್ಕೆಯ ಒಂದು ಮಗ್ಗಲನ್ನು ಅಲ್ಲಿ ಇಟ್ಟರು. ಕೂತಿತು. ಚಕ್ಕೆಯ ಇನ್ನೊಂದು ತುದಿಯನ್ನು ಗೋಡೆಯಲ್ಲಿನ ಮುರಿದ ಎಲುಬಿಗೆ ಹಿಡಿದರು. ಅಲ್ಲೂ ಕೂತಿತು, ಒಡೆದ ಬಳೆಯ ಎರಡು ಚೂರು ಕೂಡಿಸಿದ ಹಾಗೆ. ಈಗ ಕಲ್ಲು ಅತ್ತಿತ್ತ ವಾಲಲಿಲ್ಲ. ಮಡಿವಾಳೆಪ್ಪನ ಎತ್ತೊಂದು ಕೊರಳ ಗೆಜ್ಜೆ ಅಲುಗಿಸಿತು.

"ಕೂಡಿ ಇದ್ದವು. ಇದು ಖರೆ," ಎಂದರು ಸರ್ ಕೊನೆಗೆ. "ಕೂಡಿ ಯಾಕ ಇದ್ದವು ಅನ್ನೂದು ಇನ್ನೂ ಗೊತ್ತಿಲ್ಲ. ತೇಲಿ ಬಂದು ಕೂಡಿದ್ವೋ, ಇಲ್ಲೇ ಕುಂತು ಯಾರೋ ಕೊಯ್ದರೋ. ಅದನ್ನ ನೋಡಬೇಕಂದ್ರ ಇತ್ತ ಕಡೆ ಇನ್ನೂ ತೋಡಬೇಕು." ಆಮೇಲೆ ಜಹೀರುದ್ದೀನನ ಕಡೆ ತಿರುಗಿ, "ದಾರ ಯಾಕ ಬಿಚ್ಚಿದಿ? ಕಟ್ಟು," ಎಂದರು.

ಜಹೀರುದ್ದೀನ ದಾರದ ಉಂಡೆಯನ್ನು ಅವಸರದಲ್ಲಿ ಎತ್ತಲು ಹೋಗಿ, ಅದು ಕುಣಿಗೆ ಉರುಳಿತು. ಅದನ್ನು ಹಿಡಿಯಲು ಅವನು ಹಾರಿದ್ದನ್ನು ನೋಡಿ ಸರ್ ಕೂಡ ನಕ್ಕರು.

ಸುಶೀಲವ್ವ ಮಾತ್ರ ಕನ್ನಡಿ ಬಿಟ್ಟು ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಮೂವತ್ತು ವರ್ಷದ ಬಾಕಿ ಒಮ್ಮೆಲೇ ಕೈಗೆ ಬಂದವರ ಸಂತೋಷವಿತ್ತು.

"ವೈನಿ," ಎಂದಳು, ಜೇನು ಸುರಿದ ದನಿಯಲ್ಲಿ. "ಹಂಗಾರ ನಿನ್ನೆ ನಾವು ಉಂಡದ್ದು ಯಾರ ಪ್ರಸಾದರಿ? ಭೀಮಂದೋ, ಕಾಡೆತ್ತಿಂದೋ?"

"ಎರಡು ಸಲ ನೀಡಿಸಿಕೊಂಡಿ. ರುಚಿ ನೋಡಿದಾಕಿ ನೀನ, ನೀನ ಹೇಳು."

"ನಾ ಕೈ ತೊಳೀದ ಹಿಟ್ಟಿಗೆ ಕೈ ಹಾಕತೀನಂತ ಊರೆಲ್ಲ ಸಾರಿದ್ರೆಲ್ಲ..."

"ಹಾಕತಿ. ಅದು ಈಗೂ ಖರೇನ. ನಾ ಎರಡು ಸಲ ತೊಳಕೊಂಡೀನಿ," ಎಂದಳು ಮಹಾದೇವಕ್ಕ. "ಹೋಗು, ಬಸ್ಸು ತಪ್ಪೀತು. ಗುಡಗೇರ್ಯಾಗ ಸಂತಿ ಐತಲ್ಲ ಇವತ್ತ, ಎಲ್ಲಾರೂ ಕಾಯತಿರತಾರ."

ಸುಶೀಲವ್ವ ಬಸ್ಸು ತಪ್ಪಿಸಿಕೊಳ್ಳಲಿಲ್ಲ. ಸುದ್ದಿ ಅವಳಿಗಿಂತ ಮುಂದೆ ಹೋಯಿತೋ ಹಿಂದೆ ಹೋಯಿತೋ, ಸಂಜೆಯೊಳಗೆ ಮೊರಬದಲ್ಲೇ ಹಿಟ್ಟಿನ ಗಿರಣಿಯ ಹತ್ತಿರ ಯಾರೋ, "ಮಹಾದೇವಕ್ಕ, ನಿಮ್ಮ ಅರ್ಜುನಗ ಎಲ್ಲೆಲ್ಲಿ ಎಲುಬು ಅದಾವರಿ?" ಎಂದು ಕೇಳಿದರು. "ನಿನಗ ಇಲ್ಲದ ಕಡೆ," ಎಂದು ಅವಳು ಹಿಟ್ಟಿನ ಪುಟ್ಟಿ ಹೊತ್ತಳು. ಕಿವಿ ಬಿಸಿಯಾದದ್ದು ನಿಜ. ಆದರೆ ಸಾಯುವಷ್ಟು ಬಿಸಿ ಏನೂ ಆಗಲಿಲ್ಲ.

ಸಂಕ್ರಾಂತಿಯ ಸುಮಾರಿಗೆ ಕುಣಿ ಇನ್ನೂ ಅಗಲವಾಯಿತು. ಒಂದು ಮಧ್ಯಾಹ್ನ ಮಹಾದೇವಕ್ಕ ಬುತ್ತಿ ತಂದಾಗ ಜಹೀರುದ್ದೀನ ಕರೆದು ತೋರಿಸಿದ. ಹಳದಿ ಪದರಿನಲ್ಲಿ ಎಲುಬಿನ ಚೂರುಗಳು, ಒಡೆದ ಕಲ್ಲಿನ ಸಿಬಿರುಗಳು ಒಂದರ ಮೇಲೊಂದು, ಒಂದೇ ಕಡೆ ಚೆಲ್ಲಾಡಿ ಬಿದ್ದಿದ್ದವು. ನೀರು ತಂದಿದ್ದರೆ ಹೀಗೆ ಬೀಳುವುದಿಲ್ಲ ಎಂದು ಹೇಳುವಾಗ ಅವನ ದನಿ ಮೆತ್ತಗಾಗಿತ್ತು, ಮನೆಯೊಳಗೆ ಯಾರೋ ಮಲಗಿದ್ದಾರೆ ಎಂಬ ಹಾಗೆ.

"ಇಲ್ಲೇ ಕುಂತಿದ್ರರಿ ಆಯಿ. ಇಲ್ಲೇ ಕಲ್ಲು ಒಡದು, ಇಲ್ಲೇ ಕೊಯ್ದು, ಇಲ್ಲೇ ಉಂಡಾರ."

ಮಹಾದೇವಕ್ಕ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಉಂಡ ಎಲುಬು ಇಲ್ಲೇ ಒಗದಾರಲ್ಲೋ, ಕುಂತ ಕುಂತಲ್ಲೇ?"

"ಹೌದ್ರಿ."

"ಎದ್ದು ಎರಡು ಹೆಜ್ಜಿ ಹೋಗಿ ದೂರ ಒಗದಿಲ್ಲ?"

"ಇಲ್ಲರಿ."

"ಗಂಡಸರ ಇರಬೇಕು ಬಿಡು," ಎಂದು ಮಹಾದೇವಕ್ಕ ಬುತ್ತಿಯ ಗಂಟು ಬಿಚ್ಚಿದಳು.